ನಿಂತ ಗಡಿಯಾರದೊಳಗಿನ ರಾಣಿ

ಬೀದಿಯವರ ಗಡಿಯಾರಗಳನ್ನೆಲ್ಲ ಸರಿಮಾಡಿ ಕೊಡುವವಳ ಮನೆಯಲ್ಲೇ ಗೋಡೆ ಗಡಿಯಾರ ನಾಲ್ಕು ಹತ್ತಕ್ಕೆ ನಿಂತು ಒಂಬತ್ತು ತಿಂಗಳಾಗಿತ್ತು. ಅದು ಮಾವನ ಗಡಿಯಾರ. ಮಾವ ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದವರು. ನಿವೃತ್ತರಾದ ಮೇಲೂ ಊಟದ ತಟ್ಟೆ ಎರಡು ನಿಮಿಷ ತಡವಾಗಿ ಬಂದರೆ ಈಗಲೇ ಸೀಟಿ ಊದುವವರಂತೆ ಮುಖ ಮಾಡುತ್ತಿದ್ದರು.

“ಏನಮ್ಮ, ನಮ್ಮ ಸರದಿ ಯಾವಾಗ? ನಾವೂ ಚೀಟಿ ಬರೆಸಿಕೊಂಡು ಕಾಯಬೇಕಾ?” ಎಂದು ಸೊಸೆಯನ್ನು ಕೇಳುತ್ತಿದ್ದರು.

“ಮಾಡ್ತೀನಿ ಮಾವ. ಮಗು ಮಲಗ್ಲಿ.”

ಮಗು ಮಲಗುತ್ತಿರಲಿಲ್ಲ. ಏಳು ತಿಂಗಳ ಹೆಣ್ಣುಕೂಸು. ಹಗಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಮೀರಿ ನಿದ್ದೆ ಮಾಡುವುದು ಅಪರಾಧವೆಂದು ಯಾರೋ ಅದರ ಕಿವಿಯಲ್ಲಿ ಹೇಳಿ ಕಳಿಸಿದ ಹಾಗಿತ್ತು. ಕೂಸು ಹುಟ್ಟುವ ತನಕ ಬೀದಿಯಲ್ಲಿ ಅವಳ ಹೆಸರು ‘ಗಡಿಯಾರದವಳು’. ಈಗ ‘ಪುಟ್ಟಿ ಅಮ್ಮ’. ದೊಡ್ಡಪ್ಪನ ಗಡಿಯಾರದ ಅಂಗಡಿಯಲ್ಲಿ ಅವಳು ಕೂರುತ್ತಿದ್ದ ಮೇಜಿನ ಮೇಲೆ ಅವರು ಒಂದು ಬಿಳಿ ಬಟ್ಟೆ ಹೊದಿಸಿಟ್ಟಿದ್ದರು. ಧೂಳು ಕೂರದಿರಲಿ ಎಂದು ಹಾಗೆ ಮಾಡಿದ್ದು, ಅವಳಿಗೂ ಗೊತ್ತು. ಆದರೂ ಆ ಕಡೆ ಹಾದುಹೋಗುವಾಗ ತನ್ನನ್ನೇ ಹೊದಿಸಿ ಮಲಗಿಸಿದಂತೆ ಕಂಡು ಸಿಟ್ಟು ಬರುತ್ತಿತ್ತು.

ಕೆಲಸ ಕಲಿಸಿದ್ದು ಆ ದೊಡ್ಡಪ್ಪನೇ, ಅವಳಿಗೆ ಹನ್ನೊಂದು ವರ್ಷವಿದ್ದಾಗ. ಕಣ್ಣಿಗೆ ಮಸೂರ ಕಚ್ಚಿಸಿಕೊಳ್ಳುವುದು, ಉಸಿರು ಹಿಡಿದು ಚಿಮಟ ಆಡಿಸುವುದು, ಹಲ್ಲುಗಾಲಿಗಳನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸುವುದು. ಜೊತೆಗೆ ಅಂಗಡಿಯ ಎರಡು ಕಟ್ಟಳೆಗಳು. ಒಂದು, ನಿಂತಿದೆಯಾ, ಬಿಚ್ಚಿ ನೋಡು. ಎರಡು, ಗಡಿಯಾರದ ಹೊಟ್ಟೆಯಿಂದ ಏನೇ ಹೊರಗೆ ಬರಲಿ, ಅದಕ್ಕೊಂದು ಚೀಟಿ ಕಟ್ಟು. “ಏನು ಅಂತ ಗೊತ್ತಾಗ್ಲಿಲ್ವಾ, ‘ಗುರುತಾಗಿಲ್ಲ’ ಅಂತ ಬರಿ. ಎಸೆಯೋದು ಮಾತ್ರ ಬೇಡ ಕಣೇ” ಎನ್ನುತ್ತಿದ್ದರು ದೊಡ್ಡಪ್ಪ.

ನಾಲ್ಕು ವರ್ಷದ ಹಿಂದೆ ಯಾರದೋ ಮೇಜಿನ ಗಡಿಯಾರ ಬಿಚ್ಚಿದಾಗ ಗಾಲಿಗಳ ನಡುವೆ ಸಿಕ್ಕಿಕೊಂಡಿದ್ದದ್ದು ರೆಕ್ಕೆಯುಳ್ಳ ಒಂದು ದೊಡ್ಡ ಇರುವೆ. ಅವಳು ‘ಗುರುತಾಗಿಲ್ಲ’ ಎಂದು ಚೀಟಿ ಕಟ್ಟಿದಳು. ಆಮೇಲೆ ಆ ಒಂದು ಪದ ಅವಳನ್ನು ಕುಳಿತಲ್ಲಿ ಕೂರಲು ಬಿಡಲಿಲ್ಲ. ಗಡಿಯಾರದಲ್ಲಿ ಹೆಸರಿಲ್ಲದ ಭಾಗವೆಂಬುದೇ ಇಲ್ಲ. ಸಾಸಿವೆ ಗಾತ್ರದ ತಿರುಪಿಗೂ ಹೆಸರಿದೆ. ಇಷ್ಟು ದೊಡ್ಡ ಇರುವೆಗೆ ಇಲ್ಲವೆ? ಊರಿನ ವಸ್ತುಸಂಗ್ರಹಾಲಯದ ಹಿಂಬದಿಯಲ್ಲಿ ಕೀಟಗಳ ಕೋಣೆಯಿತ್ತು. ಅಲ್ಲಿ ಕುಳಿತು ಯಾವ ಬೀದಿಯಲ್ಲಿ ಯಾವ ಇರುವೆ ಎಂದು ವರ್ಷಾನುಗಟ್ಟಲೆಯಿಂದ ಪಟ್ಟಿ ಬರೆಯುತ್ತಿದ್ದ ಒಬ್ಬ ಮೇಷ್ಟ್ರ ಬಳಿಗೆ ಅದನ್ನು ಒಯ್ದಳು. ಅವರನ್ನು ಎಲ್ಲರೂ ಪಟ್ಟಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

“ರಾಣಿ ಇರುವೆ” ಎಂದರು ಮೇಷ್ಟ್ರು.

“ಯಾವ ರಾಣಿ ಸಾರ್?”

“ಅದನ್ನ ಹೇಳಕ್ಕಾಗಲ್ಲ.”

ಪಟ್ಟಿಯಲ್ಲಿ ಅವಳ ಬೀದಿಯ ಹಾಳೆ ತೆಗೆದು, ‘ಗುರುತಾಗದ ರಾಣಿ, ಒಂದು’ ಎಂದು ಬರೆದುಕೊಂಡರು. ಮರುವರ್ಷ ಮಳೆಗಾಲದ ಮೊದಲಲ್ಲಿ ಇನ್ನೊಂದು ಹಿಡಿದು ಒಯ್ದಳು. ಮತ್ತದೇ ಸಾಲು. ನಾಲ್ಕು ವರ್ಷ, ನಾಲ್ಕು ಸಾಲು. ಉಳಿದ ಬೀದಿಗಳ ಹಾಳೆ ತುಂಬಿ ಹಿಂಬದಿಗೂ ಹರಿದಿತ್ತು. ಇವಳ ಬೀದಿಯಲ್ಲಿ ಇರುವುದೇ ಗುರುತಾಗದ ರಾಣಿಯರು. ಈ ವರ್ಷ ಮೇಷ್ಟ್ರು ಪಟ್ಟಿಯನ್ನು ಮುಗಿಸಿ ಪುಸ್ತಕವಾಗಿ ಅಚ್ಚಿಗೆ ಕೊಡುವವರಿದ್ದರು. ಬರುವ ತಿಂಗಳ ಕೊನೆಯ ದಿನ ಗಡುವು. ಆಮೇಲೆ ಬರೆದದ್ದೇ ಶಾಶ್ವತ.

ಈ ಸಲ ಹಾಗಾಗಲು ಬಿಡುವುದಿಲ್ಲ ಎಂದು ಅವಳು ಹಟ ಹಿಡಿದದ್ದು ಅದಕ್ಕೇ.

ಗಡುವಿಗೆ ನಲವತ್ತೇಳು ದಿನ ಉಳಿದಿದ್ದ ಒಂದು ಸಂಜೆ ಮಳೆ ಬಂದು ನಿಂತಿತು. ಗಾಳಿಯಿಲ್ಲ. ನೆಲದಿಂದ ಬೆಚ್ಚಗಿನ ಹಬೆ ಏಳುತ್ತಿತ್ತು. ಬೀದಿದೀಪ ಹೊತ್ತಿಕೊಂಡದ್ದೇ ತಡ, ರೆಕ್ಕೆ ಹುಳುಗಳು ಬುಗ್ಗೆಯಂತೆ ಎದ್ದವು. ಮನೆಮನೆಯಲ್ಲೂ ಕಿಟಕಿ ಮುಚ್ಚುವ ಸದ್ದು, ದೀಪ ಆರಿಸಿ ಎನ್ನುವ ಕೂಗು. ಅವಳೊಬ್ಬಳು ಮಗುವನ್ನು ಸೊಂಟಕ್ಕೇರಿಸಿಕೊಂಡು, ಕೈಗಡಿಯಾರದ ತಿರುಪುಗಳನ್ನು ಇಡುವ ಬೆರಳುದ್ದದ ಗಾಜಿನ ಶೀಶೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಬಿದ್ದಳು.

ಹಾರುತ್ತಿದ್ದವುಗಳ ಕಡೆ ತಿರುಗಿಯೂ ನೋಡಲಿಲ್ಲ. ದೀಪ ಸುತ್ತುವವರಲ್ಲಿ ಗಂಡುಗಳೇ ಹೆಚ್ಚು: ಚಿಕ್ಕ ತಲೆ, ಬಡಕಲು ಮೈ, ನಾಲ್ಕು ದಿನದ ಆಯಸ್ಸು. ಅವಳಿಗೆ ಬೇಕಾಗಿದ್ದವಳು ಹಾರಾಟ ಮುಗಿಸಿ, ರೆಕ್ಕೆಗಳನ್ನು ತಾನೇ ಕಳಚಿ ಬಿಸಾಡಿ, ಗೋಡೆಬುಡದಲ್ಲಿ ಬಿರುಕು ಹುಡುಕುತ್ತ ಓಡುವ ಹೆಣ್ಣು. ಚರಂಡಿಯ ಅಂಚಿನಲ್ಲಿ ಮಂಡಿಯೂರಿ ಒಂದೊಂದಾಗಿ ಐದು ಹಿಡಿದಳು. ಮಗು ಅವಳ ಕಿವಿಯನ್ನು ಜಗ್ಗುತ್ತ, ನಡುನಡುವೆ ಕೂದಲನ್ನು ಬಾಯಿಗೆ ಹಾಕಿಕೊಳ್ಳುತ್ತ ಸಹಕರಿಸಿತು.

ಒಳಗೆ ಬಂದರೆ ಅತ್ತೆ ಒಂದು ಲೋಟಕ್ಕೆ ತಟ್ಟೆ ಮುಚ್ಚಿ ಹಿಡಿದುಕೊಂಡು ನಿಂತಿದ್ದರು. ಮುಖದಲ್ಲಿ ಗೆಲುವು.

“ತಗೊಳ್ಳಮ್ಮ. ಕಿಟಕಿ ಹತ್ರಾನೇ ಹಿಡಿದೆ. ನಲವತ್ತು ರಾಣಿ!”

ಅವಳು ಮಸೂರ ಕಚ್ಚಿಸಿ ನೋಡಿದಳು. ಮಣಿ ಪೋಣಿಸಿದಂಥ ನೆಟ್ಟನೆಯ ಮೀಸೆ. ನಾಲ್ಕೂ ರೆಕ್ಕೆ ಒಂದೇ ಉದ್ದ. ಸೊಂಟವೆಂಬುದೇ ಇಲ್ಲ.

“ಅತ್ತೆ, ಇವು ಗೆದ್ದಲು.”

“ಗೆದ್ದಲೇ?”

“ಇರುವೆ ಮೀಸೆ ಮೊಣಕೈ ಥರ ಮಡಚಿರತ್ತೆ, ನಡು ಸಣ್ಣಗಿರತ್ತೆ. ಇವಕ್ಕೆ ನಡು ಎಲ್ಲಿದೆ ನೋಡಿ.”

“ನಡು ಇಲ್ದೇ ಇದ್ರೆ ರಾಣಿ ಅಲ್ಲ ಅಂತೀಯಾ?” ಎಂದು ಅತ್ತೆ ತಮ್ಮ ದಪ್ಪ ಸೊಂಟವನ್ನೊಮ್ಮೆ ನೋಡಿಕೊಂಡು ಲೋಟವನ್ನು ಹಿತ್ತಲಿಗೆ ಒಯ್ದರು.

ಮಗುವಿಗೆ ಹಾಲು ಕೊಟ್ಟು, ತೊಡೆಯ ಮೇಲೆ ಕೂರಿಸಿಕೊಂಡೇ ಅವಳು ಐದು ಶೀಶೆಗಳನ್ನು ಪರೀಕ್ಷಿಸಿದಳು. ರೆಕ್ಕೆ ಹೊತ್ತಿದ್ದ ಗೂನುಬೆನ್ನು. ಅದರ ಪಕ್ಕಗಳಲ್ಲಿ ರೆಕ್ಕೆ ಮುರಿದ ಮೊಂಡು ಗುರುತು. ಹಣೆಯ ಮೇಲೆ ಮೂರು ಚುಕ್ಕೆಗಣ್ಣು. ನಡುವಿನಲ್ಲಿ ಒಂದೇ ಗಂಟು. ಅಂದರೆ ಗೊದ್ದವೆಂಬ ದೊಡ್ಡ ಇರುವೆಯ ಬಳಗ, ಅಷ್ಟು ಖಂಡಿತ. ಕೆಂಪು ಕಾಲು, ಹೊಟ್ಟೆಯ ಮೇಲೆ ಬಂಗಾರದ ಬಣ್ಣದ ಕೂದಲು. ಉದ್ದ ಹದಿನೈದು ಮಿಲಿಮೀಟರ್. ಐದೂ ಒಂದೇ ಜಾತಿ. ಮರುದಿನವೇ ಇದನ್ನೆಲ್ಲ ಬರೆದುಕೊಂಡು ಮೇಷ್ಟ್ರ ಮುಂದೆ ಕುಳಿತಳು.

ಮೇಷ್ಟ್ರು ಓದಿ ತಲೆದೂಗಿದರು. “ತುಂಬಾ ಚೆನ್ನಾಗಿ ನೋಡಿದ್ದೀಯಮ್ಮ. ಆದ್ರೆ ಪ್ರಯೋಜನ ಇಲ್ಲ.”

“ಯಾಕೆ ಸಾರ್?”

ಅವರು ದಪ್ಪ ಕೈಪಿಡಿಯನ್ನು ಅವಳ ಕಡೆ ತಿರುಗಿಸಿದರು. “ಇದರಲ್ಲಿ ಗುರುತು ಹಿಡಿಯೋ ಲಕ್ಷಣ ಎಲ್ಲಾ ಕೆಲಸದ ಇರುವೆಗಳದ್ದು. ಬರೆದೋರು ದಿನಾ ಕಣ್ಣಿಗೆ ಬೀಳೋರನ್ನ ನೋಡಿ ಬರೆದರು. ರಾಣಿ ವರ್ಷಕ್ಕೊಂದು ಸಂಜೆ ಕಾಣೋಳು. ಗೊದ್ದದಲ್ಲೇ ಎಷ್ಟೊಂದು ಥರ ಇದೆ. ಯಾವ ಥರ ಅಂತ ಹೇಳಬೇಕಾದ್ರೆ ಅವಳು ಮರಿ ಮಾಡಬೇಕು. ಮಕ್ಕಳನ್ನ ತಗೊಂಡು ಬಾ, ತಾಯಿ ಯಾರು ಅಂತ ಹೇಳ್ತೀನಿ.”

“ಅಂದ್ರೆ ಮಕ್ಕಳಿಲ್ದೆ ಅವಳು ಯಾರೂ ಅಲ್ವಾ?”

“ಪುಸ್ತಕದಲ್ಲಿ ಅಲ್ಲ.”

ಈ ನಾಲ್ಕು ವರ್ಷ ಇದನ್ನು ಯಾಕೆ ಬಾಯಿ ಬಿಟ್ಟು ಹೇಳಲಿಲ್ಲ ಎಂದು ಕೇಳಿದರೆ, “ನೀನು ಕೇಳಲಿಲ್ಲ” ಎಂದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಲೆಕ್ಕ ಹಾಕಿದಳು. ಮೊಟ್ಟೆಯಿಂದ ಮೊದಲ ಮಗಳು ಹೊರಬರಲು ಆರು ವಾರ. ಅಷ್ಟು ಕಳೆದ ಮೇಲೆ ಗಡುವಿಗೆ ಉಳಿಯುವುದು ಮೂರು ನಾಲ್ಕು ದಿನ ಮಾತ್ರ.

ಶೀಶೆಯ ತಳದಲ್ಲಿ ನೀರು, ಅದರ ಮೇಲೆ ಹತ್ತಿ, ಬಾಯಿಗೂ ಹತ್ತಿ. ಇಷ್ಟೇ ಮನೆ. ಊಟವೂ ಬೇಡ. ರೆಕ್ಕೆ ಬೀಸಿದ ಸ್ನಾಯುಗಳನ್ನೇ ಕರಗಿಸಿಕೊಂಡು ರಾಣಿ ಮೊಟ್ಟೆಯಿಟ್ಟು ಮರಿ ಸಾಕುತ್ತಾಳೆ. ಅವಳು ಶೀಶೆಗಳಿಗೆ ಅಂಗಡಿಯ ಪದ್ಧತಿಯಂತೆ ದಾರದಲ್ಲಿ ಚೀಟಿ ಕಟ್ಟಿ, ಒಂದರಿಂದ ಐದರವರೆಗೆ ಸಂಖ್ಯೆ ಬರೆದಳು.

ಮರುದಿನ ಬೆಳಿಗ್ಗೆ ಒಂದು ಮತ್ತು ಎರಡು ಕಾಲು ಮಡಚಿ ಸತ್ತುಬಿದ್ದಿದ್ದವು. ಅವಳು ಶೀಶೆಯ ಹತ್ತಿ ತೆಗೆದು ಮೂಸಿದಳು. ಪೆಟ್ರೋಲ್! ಹದಿನೇಳು ವರ್ಷದ ಅಭ್ಯಾಸ. ಕೈಗೆತ್ತಿಕೊಳ್ಳುವ ಮೊದಲು ಚಿಮಟವನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸದಿದ್ದರೆ ಅವಳ ಬೆರಳಿಗೆ ಸಮಾಧಾನವಿಲ್ಲ. ಅದೇ ಚಿಮಟದಲ್ಲಿ ಹತ್ತಿ ತುರುಕಿದ್ದಳು. ಕೊನೆಯ ಮೂರು ಶೀಶೆಗಳ ಹೊತ್ತಿಗೆ ಮಗು ಅತ್ತು, ಚಿಮಟ ಬಿಟ್ಟು ಬೆರಳಲ್ಲೇ ತುರುಕಿದ್ದರಿಂದ ಅವು ಬದುಕಿದ್ದವು. ಗಡಿಯಾರದವಳು ಇಬ್ಬರನ್ನು ಕೊಂದಳು, ಪುಟ್ಟಿ ಅಮ್ಮ ಮೂವರನ್ನು ಉಳಿಸಿದಳು ಎಂದುಕೊಂಡು ತನ್ನ ಮೇಲೆಯೇ ಹಲ್ಲು ಕಡಿದಳು.

ಮೂರನೆಯ ರಾಣಿಗೆ ಅತ್ತೆಯ ಕರುಣೆ ಮುಳುವಾಯಿತು.

“ಒಂದು ಹನಿ ಸಕ್ಕರೆನೀರು ಬಿಟ್ಟೆ ಅಷ್ಟೆ. ಬಸಿರು ಹೆಂಗಸನ್ನ ಉಪವಾಸ ಕೆಡವಿದೀಯಲ್ಲ, ನಿನ್ನ ಬಸಿರಲ್ಲಿ ನಾನು ಹಾಗೆ ಕೆಡವಿದ್ನಾ?”

ಒಂದು ಹನಿ ಆ ಶೀಶೆಯಲ್ಲಿ ಕೆರೆ. ರಾಣಿ ಅದರಲ್ಲಿ ತೇಲುತ್ತಿದ್ದಳು. ಅತ್ತೆಯ ಕಣ್ಣಲ್ಲೂ ನೀರು ಬಂದದ್ದು ಕಂಡು ಅವಳಿಗೆ ಬಯ್ಯಲೂ ಆಗಲಿಲ್ಲ, ನುಂಗಿಕೊಳ್ಳಲೂ ಆಗಲಿಲ್ಲ. ಪಾತ್ರೆ ಉಜ್ಜಲು ಹೋಗಿ ಅದರ ಮೇಲೆ ತೀರಿಸಿಕೊಂಡಳು.

ನಾಲ್ಕನೆಯವಳು ಎಂಟು ಮೊಟ್ಟೆಯಿಟ್ಟಳು. ಗಡಿಯಾರದವಳು ದಿನ ಬೆಳಗಾದರೆ ಶೀಶೆಯನ್ನು ಬೆಳಕಿಗೆ ಹಿಡಿದು ಎಣಿಸಿ, ಮಗುವಿನ ದಿನಚರಿಯ ಪುಸ್ತಕದಲ್ಲೇ ಬರೆಯುತ್ತಿದ್ದಳು. ಬೇರೆ ಪುಸ್ತಕ ತೆಗೆಯಲು ಪುರಸೊತ್ತೆಲ್ಲಿ? ‘ಆರು ಗಂಟೆ: ಹಾಲು. ಏಳು: ಮೊಟ್ಟೆ ಎಂಟು.’ ಮಾವ ಕನ್ನಡಕ ಏರಿಸಿ ಓದಿ, “ಹಲ್ಲಿಲ್ಲದ ಕೂಸಿಗೆ ಎಂಟು ಮೊಟ್ಟೆ ಕೊಟ್ಟಿಯೇನಮ್ಮ!” ಎಂದು ಗಾಬರಿಯಾಗಿದ್ದರು. ಅದರ ಮರುದಿನ ಮೊಟ್ಟೆ ಐದು. ಆಮೇಲೆ ಎರಡು. ಆಮೇಲೆ ಒಂದೂ ಇಲ್ಲ. ನೋಡುವವರ ಕಾಟಕ್ಕೆ ಬೆದರಿ ರಾಣಿ ತನ್ನ ಮೊಟ್ಟೆಗಳನ್ನು ತಾನೇ ತಿಂದಿದ್ದಳು. ಇನ್ನೆರಡು ದಿನಕ್ಕೆ ತಾನೂ ಹೋದಳು.

ಬಿಚ್ಚಿ ನೋಡು ಎನ್ನುವುದು ಅಂಗಡಿಯ ಕಟ್ಟಳೆ. ಇಲ್ಲಿ ನೋಡಿದರೆ ಕೆಡುತ್ತದೆ. ನೋಡದಿದ್ದರೆ ಗುರುತಾಗುವುದಿಲ್ಲ. ಅವಳು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಉಳಿದದ್ದು ಐದನೆಯದು. ಕತ್ತಲಿರಬೇಕು, ಅಲುಗಾಟ ಇರಬಾರದು, ಅತ್ತೆಯ ಕೈಗೆ ಎಟುಕಬಾರದು, ತನ್ನ ಕೈಗಂತೂ ಎಟುಕಲೇಬಾರದು. ಕಪಾಟಿನ ಬಾಗಿಲು ದಿನಕ್ಕೆ ಹತ್ತು ಸಲ ಧಡಾರನೆ ಬೀಳುತ್ತಿತ್ತು. ಅಡುಗೆಮನೆಯಲ್ಲಿ ಬಿಸಿ. ಕೊನೆಗೆ ಕಣ್ಣು ಗೋಡೆಗೆ ಹೋಯಿತು. ನಾಲ್ಕು ಹತ್ತು. ನಿಂತ ಗಡಿಯಾರದ ಪೆಟ್ಟಿಗೆ ತೆರೆದು, ಲೋಲಕದ ತುದಿಯ ತೂಗುಬಟ್ಟಲಿನ ಹಿಂದೆ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳು. ಮನೆಯಲ್ಲಿ ಅಷ್ಟು ನಿಶ್ಚಲವಾದ ಜಾಗ ಇನ್ನೊಂದಿರಲಿಲ್ಲ.

“ಮಾವ, ಇನ್ನು ಐದು ವಾರ ಗಡಿಯಾರ ಮುಟ್ಟಬಾರದು. ಅದರೊಳಗೆ ಬಾಣಂತಿ ಇದಾಳೆ.”

“ಒಂಬತ್ತು ತಿಂಗಳಿಂದ ನೀನೇ ಮುಟ್ಟಿಲ್ಲ, ನಾನೇನು ಮುಟ್ಟೋದು?” ಎಂದರು ಮಾವ.

ಲಾರಿ ಓಡಿಸುತ್ತ ವಾರಕ್ಕೊಮ್ಮೆ ಮನೆ ಸೇರುವ ಗಂಡನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡಳು. ಅವನು ಎಲ್ಲ ಕೇಳಿ, “ಹೆಸರು ಏನಾದ್ರೂ ಇರ್ಲಿ ಕಣೇ, ಅದು ಕಚ್ಚತ್ತಾ?” ಎಂದ. ಅವಳು ಫೋನ್ ಇಟ್ಟಳು.

ಅಲ್ಲಿಂದ ದಿನ ಎಣಿಸುವುದೇ ಕೆಲಸ. ನೋಡುವ ಹಾಗಿಲ್ಲ. ಗಡಿಯಾರದ ಕೆಳಗೆ ಮಗುವನ್ನು ಎತ್ತಿಕೊಂಡು ಅಡ್ಡಾಡುವಾಗ ಕೈ ತಾನಾಗಿ ಪೆಟ್ಟಿಗೆಯ ಕೊಂಡಿಯತ್ತ ಏಳುತ್ತಿತ್ತು. ಎದ್ದ ಕೈಯನ್ನು ಮಗುವಿನ ಬೆನ್ನಿಗೆ ತಟ್ಟಿ ಇಳಿಸುತ್ತಿದ್ದಳು. ಪುಸ್ತಕದಲ್ಲಿ ‘ಐದನೆಯವಳು: ನೋಡಲಿಲ್ಲ’ ಎಂದು ದಿನವೂ ಒಂದು ಸಾಲು. ಬದುಕಿದ್ದಾಳೋ, ಬೂಷ್ಟು ಹಿಡಿದು ಸತ್ತೇ ಹೋಗಿದ್ದಾಳೋ, ಅದೂ ಗೊತ್ತಿಲ್ಲ.

ನಲವತ್ತೊಂದನೆಯ ದಿನ ಮಗುವಿಗೆ ಚುಚ್ಚುಮದ್ದು ಹಾಕಿಸಿಕೊಂಡು, ಅರಚುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿದಳು. ಟಕ್, ಟಕ್, ಟಕ್. ಗೋಡೆಯ ಮೇಲೆ ತೂಗುಬಟ್ಟಲು ಆಚೆ ಈಚೆ ಓಡಾಡುತ್ತಿತ್ತು.

“ಯಾರು ಮಾಡಿದ್ದು ಇದನ್ನ?”

“ನಿಮ್ಮ ದೊಡ್ಡಪ್ಪ ಬಂದಿದ್ರು” ಎಂದರು ಮಾವ, ಸೀಟಿ ವಾಪಸ್ ಸಿಕ್ಕವರ ಉತ್ಸಾಹದಲ್ಲಿ. “ನಾನು ಮುಟ್ಟಲಿಲ್ಲಮ್ಮ, ಆಣೆಗೂ. ಮಗಳ ಮನೆ ಗಡಿಯಾರ ನಿಂತಿದ್ರೆ ನನ್ನ ಅಂಗಡಿ ಮಾನ ಹೋಗತ್ತೆ ಅಂತ ಅವರೇ ಬಿಚ್ಚಿದ್ರು. ಅರ್ಧ ಗಂಟೇಲಿ ಮುಗಿಸಿದ್ರು ನೋಡು!”

“ಒಳಗಿದ್ದ ಶೀಶೆ?”

ಮಾವನ ಮುಖ ಇಳಿಯಿತು. “ಅಯ್ಯೋ. ಅದನ್ನ ಹೇಳೋಕೆ ಮರೆತೇ ಹೋಯ್ತಲ್ಲಮ್ಮ.”

ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಚಪ್ಪಲಿಯನ್ನು ಕಾಲಿಗೆ ಅರ್ಧ ಸಿಕ್ಕಿಸಿಕೊಂಡು ಓಡಿದಳು. ಮೂರು ಬೀದಿ. ದಾರಿಯಲ್ಲಿ ಅಳು ಬಂತು. ರಾಣಿಗಾಗಿಯೋ, ಗಡುವಿಗಾಗಿಯೋ, ಒಂಬತ್ತು ತಿಂಗಳಿಂದ ತನ್ನ ಕೈಯಲ್ಲಾಗದ ಕೆಲಸವನ್ನು ದೊಡ್ಡಪ್ಪ ಅರ್ಧ ಗಂಟೆಯಲ್ಲಿ ಮುಗಿಸಿದರೆಂದೋ, ಬಿಡಿಸಿ ಹೇಳಲು ಬರುವಂತಿರಲಿಲ್ಲ.

ದೊಡ್ಡಪ್ಪ ಮಸೂರ ಕಚ್ಚಿಸಿಕೊಂಡು ಕೂತಿದ್ದರು. “ಬಾ ಮಗಳೇ. ನಿಮ್ಮ ಮಾವನ ಗಡಿಯಾರಕ್ಕೆ ಏನೂ ಆಗಿರ್ಲಿಲ್ಲ. ಬರೀ ಎಣ್ಣೆ ಒಣಗಿತ್ತು.”

“ಅದರೊಳಗಿದ್ದದ್ದು ಎಲ್ಲಿ ದೊಡ್ಡಪ್ಪ?”

ಅವರು ಎದ್ದು, ಅವಳ ಮೇಜಿನ ಬಿಳಿ ಬಟ್ಟೆಯ ಅಂಚನ್ನು ಮಾತ್ರ ಎತ್ತಿದರು. ಬಟ್ಟೆಯ ಕೆಳಗಿನ ಕತ್ತಲಲ್ಲಿ, ಯಾವುದಕ್ಕೂ ತಾಗದಂತೆ ಹತ್ತಿಯ ಮೇಲೆ ಶೀಶೆ ಮಲಗಿತ್ತು. ‘ಐದು’ ಎಂಬ ಅವಳ ಚೀಟಿಯ ಪಕ್ಕದಲ್ಲಿ ದೊಡ್ಡಪ್ಪನ ಅಕ್ಷರದ ಇನ್ನೊಂದು ಚೀಟಿ. ‘ಗೋಡೆ ಗಡಿಯಾರದ ಒಳಗೆ ಸಿಕ್ಕಿದ್ದು. ಗುರುತಾಗಿಲ್ಲ.’

“ಅಂಗಿ ಜೇಬಲ್ಲಿ ಇಟ್ಕೊಂಡು ಬಂದೆ. ಏನೋ ಮಿಸುಕ್ತಿತ್ತು. ಪೆಟ್ರೋಲ್ ಹತ್ರ ಬೇಡ ಅನ್ನಿಸ್ತು” ಎಂದರು. ಅವಳು ಗೋಡೆಗೆ ತೂಗುಹಾಕಿದ್ದ ತನ್ನ ಮಸೂರ ತೆಗೆದು, ಕಣ್ಣೊರೆಸಿಕೊಂಡು ಕಚ್ಚಿಸಿದಳು.

ಒಳಗೆ ಜೋಳದ ಕಾಳಿನಂಥ ನಾಲ್ಕು ಗೂಡುಗಳಿದ್ದವು. ರಾಣಿ ಒಂದರ ಮೇಲೆ ಬಾಗಿ, ಅದರ ತುದಿಯನ್ನು ಹಲ್ಲಿನಿಂದ ಸೀಳುತ್ತಿದ್ದಳು. ಸೀಳಿನಿಂದ ನೀರುಬಣ್ಣದ ಒಂದು ಕಾಲು ಬಂತು. ಆಮೇಲೆ ಮಡಚಿದ ಮೀಸೆ. ರಾಣಿ ಹಿಡಿದೆಳೆದಳು. ಬಂತು, ಕೂದಲಿನಷ್ಟು ಸಣ್ಣ ಕಾಲಿನ ಒಂದು ಹೆಣ್ಣು. ನಿಲ್ಲಲು ಹೋಗಿ ಬಿತ್ತು. ರಾಣಿ ಅದನ್ನು ನೆಕ್ಕತೊಡಗಿದಳು. ಗಡಿಯಾರದವಳು ಹಿಡಿದಿದ್ದ ಉಸಿರನ್ನು ಬಿಟ್ಟದ್ದು ದೊಡ್ಡಪ್ಪ “ಏನೇ ಅದು?” ಎಂದು ಎರಡನೆಯ ಸಲ ಕೇಳಿದ ಮೇಲೆ.

ಗಡುವಿನ ದಿನದ ಹೊತ್ತಿಗೆ ನಾಲ್ವರು ಹೆಣ್ಣುಮಕ್ಕಳಾಗಿದ್ದರು. ಮೈಬಣ್ಣ ಬಲಿತು ಕಪ್ಪಾಗಿತ್ತು, ಕಾಲು ತಾಯಿಯಂತೆ ಕೆಂಪು. ಮಗುವನ್ನು ಒಂದು ಕೈಯಲ್ಲಿ, ಶೀಶೆಯನ್ನು ಇನ್ನೊಂದರಲ್ಲಿ ಹಿಡಿದು ಅವಳು ಕೀಟಗಳ ಕೋಣೆಗೆ ಹೋದಳು. ಮೇಷ್ಟ್ರು ಬಹಳ ಹೊತ್ತು ನೋಡಿದರು. ಹಾಳೆ ಮಗುಚಿದರು. ಮತ್ತೆ ನೋಡಿದರು. ಅವಳು ಅವರ ಪೆನ್ನನ್ನೇ ನೋಡುತ್ತಿದ್ದಳು.

“ಆಗಲ್ಲಮ್ಮ” ಎಂದರು.

“ಏನು ಆಗಲ್ಲ?”

“ಮೊದಲ ಮಕ್ಕಳು ಯಾವಾಗ್ಲೂ ಬಡಕಲು. ಅರೆಹೊಟ್ಟೇಲಿ ಬೆಳೆದವು. ಕೈಪಿಡೀಲಿರೋ ಅಳತೆ ಯಾವುದೂ ಇವಕ್ಕೆ ಹೊಂದಲ್ಲ. ಗೊದ್ದದಲ್ಲಿ ದೊಡ್ಡ ತಲೆಯವು ಅಂತ ಬರತ್ವೆ, ಅವು ಬಂದ್ರೆ ಒಂದೇ ನೋಟಕ್ಕೆ ಹೇಳಬಹುದು.”

“ಅವು ಯಾವಾಗ ಬರೋದು?”

“ಒಂದು ವರ್ಷ ಆಗಬಹುದು. ಎರಡೂ ಆಗಬಹುದು.”

ಅವರು ಹಾಳೆಯನ್ನು ಹತ್ತಿರ ಎಳೆದುಕೊಂಡು ಐದನೆಯ ಸಾಲು ಬರೆದರು. ಗುರುತಾಗದ ರಾಣಿ, ಒಂದು.

ಅವಳಿಗೆ ಕಿರುಚಬೇಕೆನಿಸಿತು. ಕಿರುಚಲಿಲ್ಲ. ಮಗು ಆ ಕೆಲಸವನ್ನು ವಹಿಸಿಕೊಂಡಿತ್ತು. ಅದರ ಬಾಯಿಗೆ ತನ್ನ ಬೆರಳು ಕೊಟ್ಟು, “ಒಂದಲ್ಲ ಸಾರ್” ಎಂದಳು.

“ಏನು?”

“ರಾಣಿ ಒಂದು. ಮಕ್ಕಳು ನಾಲ್ಕು. ಅದನ್ನೂ ಬರೀರಿ.”

“ಅದಕ್ಕೆ ಕಾಲಂ ಇಲ್ಲಮ್ಮ.”

“ಗೆರೆ ಎಳೀರಿ. ಸ್ಕೇಲ್ ಇಲ್ಲ ಅಂದ್ರೆ ನಾನು ತಂದಿದೀನಿ. ನಲವತ್ತೇಳು ದಿನ ಅವಳು ಒಂದು ಕಾಳು ತಿಂದಿಲ್ಲ. ಹೆಸರು ಗೊತ್ತಿಲ್ಲ ಅಂತ ಬರೀರಿ, ಪರವಾಗಿಲ್ಲ. ಇದ್ದದ್ದನ್ನ ಇಲ್ಲ ಅನ್ನಬೇಡಿ.”

ಮೇಷ್ಟ್ರು ಅವಳನ್ನೊಮ್ಮೆ, ಅವಳು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ ಉಕ್ಕಿನ ಅಳತೆಪಟ್ಟಿಯನ್ನೊಮ್ಮೆ ನೋಡಿದರು. ಗೊಣಗುತ್ತಲೇ ಗೆರೆ ಎಳೆದರು. ‘ಹಿಡಿದವಳೇ ಸಾಕಿದ ಕೆಲಸದ ಇರುವೆಗಳು, ನಾಲ್ಕು. ಕೆಂಪು ಕಾಲು.’ ಇಡೀ ಪಟ್ಟಿಯಲ್ಲಿ ಆ ಕಾಲಂ ಇದ್ದದ್ದು ಅವಳ ಬೀದಿಯ ಹಾಳೆಯಲ್ಲಿ ಮಾತ್ರ. ಗೆದ್ದ ಖುಷಿಯೇನೂ ಅವಳಿಗಾಗಲಿಲ್ಲ. ಹೆಸರು ಸಿಕ್ಕಿರಲಿಲ್ಲವಲ್ಲ.

ಮನೆಯಲ್ಲಿ ಗಡಿಯಾರ ಟಕ್ ಟಕ್ ಎನ್ನುತ್ತಿತ್ತು. ಮಾವ ಅದರೆದುರೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವಳು ಮಗುವನ್ನು ಅವರ ತೊಡೆಯ ಮೇಲಿಟ್ಟು, ಶೀಶೆಯೊಳಗೆ ಈ ಸಲ ತಾನೇ ಸೂಜಿಮೊನೆಯಷ್ಟು ಸಕ್ಕರೆನೀರು ತಾಗಿಸಿದಳು. ಮಕ್ಕಳು ಬಂದಮೇಲೆ ಉಣ್ಣಬಹುದು. ಆಮೇಲೆ ಶೀಶೆಯನ್ನು ಮತ್ತೆ ಒಳಗಿಡಲು ಗಡಿಯಾರದ ಪೆಟ್ಟಿಗೆಯ ಕೊಂಡಿ ತೆಗೆದಳು.

“ಮತ್ತೆ ಏನಮ್ಮ?”

“ಗುರುತಾಗ್ಲಿಲ್ಲ ಮಾವ. ಇನ್ನೊಂದು ವರ್ಷ ಬೇಕಂತೆ.”

“ಪಟ್ಟಿ ಮುಗೀತಲ್ಲ. ಇನ್ಯಾರಿಗೆ?”

“ನಂಗೆ.”

ಮಾವ ಗಡಿಯಾರವನ್ನು ನೋಡಿದರು. ಐದು ಮೂವತ್ತೆಂಟು, ಸೆಕೆಂಡಿನ ತನಕ ಸರಿ. ತೊಡೆಯ ಮೇಲೆ ಮೊಮ್ಮಗಳು ಅವರ ಕನ್ನಡಕಕ್ಕೆ ಕೈ ಹಾಕಿದ್ದಳು.

“ಐದು ನಲವತ್ತಾಗ್ಲಿ ಇರು. ಹೊರಡೋ ಬಸ್ಸನ್ನ ಹೊತ್ತಿಗೆ ಮುಂಚೆ ನಿಲ್ಲಿಸಬಾರದು” ಎಂದರು.

ಅವಳು ಶೀಶೆಯನ್ನು ಎದೆಗೆ ಆನಿಸಿಕೊಂಡು ಎರಡು ನಿಮಿಷ ಕಾದಳು. ಆಮೇಲೆ ಬೆರಳು ಚಾಚಿ ತೂಗುಬಟ್ಟಲನ್ನು ಹಿಡಿದಳು.